ಒಂದು ದಿನದ ಪಾಸು

ಅರ್ಗಾ ಗೇಟಿನ ಕಿಟಕಿಯಲ್ಲಿ ಅರ್ಜಿ ತುಂಬುವ ಹುಡುಗನಿಗೆ
ಮೀಸೆ ಇನ್ನೂ ಸರಿಯಾಗಿ ಕೂತಿಲ್ಲ.
ಹೆಸರು: ಶೇವಂತಿ ಹರಿಕಂತ್ರ.
ಊರು: ಈಗಿನದೋ, ಮೊದಲಿನದೋ?
ಈಗಿನದು ತೋಡೂರು ಕಾಲನಿ, ಮನೆ ನಂಬರು ಅರವತ್ತೊಂದು.
ಮೊದಲಿನದು ನಿನ್ನ ಬೆನ್ನ ಹಿಂದೆ, ಮಗಾ,
ಆ ನೀಲಿ ತಗಡಿನ ಶೆಡ್ಡು ಇದೆಯಲ್ಲ, ಅದರಾಚೆ.

ಭೇಟಿಯ ಉದ್ದೇಶ?
ಬಾವಿ ನೋಡುವುದು.
ಪೆನ್ನು ಎತ್ತಿ ನನ್ನ ಮುಖ ನೋಡಿದ.

ಅಮೀನ ಸರಪಳಿ ಹಿಡಿದು ಅಳೆದ ದಿನ
ಅಪ್ಪ ದಂಡೆಯಲ್ಲಿ ರಾಂಪಣಿ ಬಲೆ ಒಣಹಾಕುತ್ತಿದ್ದ.
ದೇಶಕ್ಕೆ ಬೇಕು, ಅಂದರು.
ಅಪ್ಪ ದೇಶವನ್ನು ಹುಡುಕುವವನ ಹಾಗೆ
ಒಂದು ಸಲ ಗುಡ್ಡದ ಕಡೆ, ಒಂದು ಸಲ ಕಡಲ ಕಡೆ ನೋಡಿ
'ಬಾವಿಯನ್ನೂ?' ಅಂತ ಮಾತ್ರ ಕೇಳಿದ.
ಬಾವಿಗೆ ಬೇರೆ ಬೆಲೆ ಕಟ್ಟಿದ್ದರು. ಸಾವಿರದ ನಾನೂರು.

ಭಾಷಣದಲ್ಲಿ ಅದನ್ನು ತ್ಯಾಗ ಅನ್ನುತ್ತಾರೆ.
ನಾವು ಕೊಟ್ಟದ್ದಲ್ಲ ಅದು, ಅವರು ತಕ್ಕೊಂಡದ್ದು.
ಬೇಡ ಅನ್ನುವುದಕ್ಕೆ ಕಾಗದದಲ್ಲಿ ಜಾಗವಿರಲಿಲ್ಲ.

ಉಮಾಕಾಂತನ ಮಾತು ಬೇರೆ.
ಅವನನ್ನೂ ಅಳೆದರು, ಎದೆ ಎಷ್ಟು, ಎತ್ತರ ಎಷ್ಟು ಅಂತ;
ಆದರೆ ತಾನೇ ಸಾಲಲ್ಲಿ ನಿಂತು ಅಳೆಸಿಕೊಂಡ,
ಹದಿನೆಂಟು ತುಂಬಿ ನಾಲ್ಕೇ ದಿನಕ್ಕೆ.
ಯಾಕೋ ಅಂದರೆ
'ಅಕ್ಕಾ, ಒಳಗೆ ಹೋಗೋಕೆ ಇದೊಂದೇ ದಾರಿ' ಅಂತ ನಕ್ಕ.
ತಮಾಷೆಯೋ, ನಿಜವೋ,
ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ.

ಹಡಗಿನ ಎಂಜಿನ್ ಕೋಣೆಗೆ ಬೆಂಕಿ ಬಿದ್ದಾಗ
ಅವನು ಒಳಗಿನಿಂದ ಬಾಗಿಲು ಹಾಕಿದನಂತೆ.
ಹಾಕಿದ್ದಕ್ಕೆ ಮೇಲಿನ ನಲವತ್ತು ಜನ ಉಳಿದರಂತೆ.
ಹೇಳಲು ಬಂದ ಸಾಹೇಬರು
ಬಿಳಿ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದರು, ಚಾ ಮುಟ್ಟಲಿಲ್ಲ.
ಅವನಲ್ಲ, ಬೇರೆ ಯಾರೋ ಇರಬೇಕು, ಅಂದೆ ನಾನು.
ನಮ್ಮ ಉಮಿ ಹುಟ್ಟಿದಾಗಿಂದ ಬಾಗಿಲು ಹಾಕಿದವನಲ್ಲ.
ಅವನು ಹೊರಬಿದ್ದ ಹಿಂದೆಯೇ ನಾಯಿ ಒಳಗೆ ಬಂದು
ಬುಟ್ಟಿಯ ಬಂಗಡೆ ಕಚ್ಚಿಕೊಂಡು ಹೋದದ್ದೆಷ್ಟು ಸಲ,
ಬೈದು ಬೈದು ನನ್ನ ಗಂಟಲು ಸೋತದ್ದೆಷ್ಟು.
ಯಾರು ಕಲಿಸಿದರು ಅವನಿಗೆ?

ಅದನ್ನೂ ತ್ಯಾಗ ಅನ್ನುತ್ತಾರೆ.
ಅದೇ ಶಬ್ದ, ಅದೇ ಮೈಕು.
ಮೀನಿಗೆ ನಮ್ಮಲ್ಲಿ ಮರಿಯಿದ್ದಾಗ ಒಂದು ಹೆಸರು,
ಬೆಳೆದರೆ ಒಂದು, ಒಣಗಿಸಿದರೆ ಇನ್ನೊಂದು.
ಇದಕ್ಕೆ ಮಾತ್ರ ಒಂದೇ.

ರಾಂಪಣಿ ಎಳೆಯುವಾಗ ಒಂದೊಂದು ಹಗ್ಗಕ್ಕೆ ಐವತ್ತೈವತ್ತು ಜನ.
ಯಾರು ಎಷ್ಟು ಎಳೆದರೆಂದು ಯಾರಿಗೂ ತಿಳಿಯುವುದಿಲ್ಲ.
ಒಬ್ಬ ಕೈಬಿಟ್ಟರೆ ಮಾತ್ರ
ಅವನ ಹಿಂದಿನವರ ಅಂಗೈಗೆ ಗೊತ್ತಾಗುತ್ತದೆ.
ನಾನು ಅವನ ಹಿಂದಿನವಳು.

ಬಾವಿಕಟ್ಟೆಗೆ ಸುಣ್ಣ ಬಳಿದಿದ್ದಾರೆ, ನಂಬರು ಬರೆದಿದ್ದಾರೆ,
ಎಲೆ ಬೀಳದ ಹಾಗೆ ಜಾಲರಿ.
ನಾವಿದ್ದಾಗ ಇಷ್ಟು ಚೊಕ್ಕ ಇರಲಿಲ್ಲ, ಸುಳ್ಳು ಹೇಳಬಾರದು.
ಜೊತೆಗೆ ಬಂದವನು ಗಡಿಯಾರ ನೋಡುತ್ತ ನಿಂತ.
ಜಾಲರಿ ಸರಿಸಿ ಹಗ್ಗ ಇಳಿಸಿದೆ. ಎಳೆದೆ.
ಪ್ಲಾಸ್ಟಿಕ್ ಬಾಟಲಿಯ ತುಂಬ ತುಂಬಿಸಿಕೊಂಡೆ.

ಗೇಟಿನಲ್ಲಿ ಅದೇ ಹುಡುಗ. ಬಾಟಲಿಯನ್ನು ಬೆಳಕಿಗೆ ಹಿಡಿದು
ಕುಡಿದು ತೋರಿಸು ಅಂದ, ಕೈಸನ್ನೆಯಲ್ಲಿ. ಕಾನೂನಂತೆ.
ಕುಡಿದೆ.
ಬಿಸಿಲಿಗೆ ಅವನ ತುಟಿ ಒಡೆದಿತ್ತು; ಅವನ ಕಡೆ ಚಾಚಿದೆ.
ಅತ್ತಿತ್ತ ನೋಡಿ, ಬಂದೂಕಿನ ಪಟ್ಟಿ ಸರಿಸಿ,
ಬಾಯಿಗೆ ತಾಗಿಸದೆ ಎತ್ತಿ ಕುಡಿದ.
'ಮೀಠಾ' ಅಂದ, ಕಡಲನ್ನು ತೋರಿಸುತ್ತ, ನಂಬದವನ ಹಾಗೆ.
ಅವನ ಊರಲ್ಲಿ ಒಂದು ಕೊಡಕ್ಕೆ ಎರಡು ಮೈಲಿಯಂತೆ,
ತಾಯಿ ಹೊರುತ್ತಾಳಂತೆ.

ಹೊರಗೆ ಹೋದ ಸಮಯ ಬರೆಸಿಕೊಂಡ.
ಐದಕ್ಕೆ ಹತ್ತು ನಿಮಿಷ.
ಕಿರುಬಾಗಿಲು ದಾಟಿ ತಿರುಗಿದೆ.
ಸ್ವಲ್ಪ ಹೊತ್ತು ತೆರೆದೇ ಇರಲಿ ಮಗಾ,
ಅನ್ನುವುದರೊಳಗೆ ಚಿಲಕ ಬಿತ್ತು,
ಒಳಗಿನಿಂದ.