ಲ್ಯಾಬ್ ರೆಕಾರ್ಡ್, ಪುಟ ಒಂಬತ್ತು

ಶಿಡ್ಲಘಟ್ಟದ ಮುಬೀನಾಳ ರೆಕಾರ್ಡು.
ಹಾಳೆಯಂಚಿಗೆ ಬೆಂದ ಹುಳದ ವಾಸನೆ.

ಕೆಳಮಟ್ಟದ ಭಾಷೆ:
ಕುದಿನೀರಿಗೆ ಬೆರಳದ್ದಿ ಗೂಡಿನ ಎಳೆತುದಿ ಹುಡುಕುವುದು.
ಅಬ್ಬಾಗೆ ಬರುತ್ತದೆ.
ಅವರ ಬೆರಳಲ್ಲಿ ಈಗ ಗೆರೆಗಳಿಲ್ಲ;
ಪಡಿತರದ ಯಂತ್ರಕ್ಕೆ ಅವರನ್ನು ಓದಲಾಗುವುದಿಲ್ಲ.

ಮೇಲ್ಮಟ್ಟದ ಭಾಷೆ:
‘ಕೆಂಪಂಚಿನದು ತೋರಿಸಿ’ ಅಂದರೆ ಸಾಕು.
ನೀರು, ಸೌದೆ, ಹುಳ
ಸೀರೆ ಕೊಳ್ಳುವವರು ಹೇಳಬೇಕಿಲ್ಲ.

ಇಂಟರ್‌ಪ್ರಿಟರ್: ನಾನಿ.
ಗೂಡು ತಂದವನು ತೆಲುಗಲ್ಲಿ ಒಂದು ಸಾಲು ಮುಗಿಸುವಷ್ಟರಲ್ಲಿ
ಅವಳ ಉರ್ದುವಿನಲ್ಲಿ
ಕಿಲೋಗೆ ಹತ್ತು ರೂಪಾಯಿ ಇಳಿದಿರುತ್ತದೆ.

ಕಂಪೈಲರ್:
ಖಾಲಿ ಜಾಗ. ಕೆಳಗೆ ಪೆನ್ಸಿಲಿನಲ್ಲಿ,
‘ಸರ್, ಪೂರ್ತಿ ಕೇಳಿಸಿಕೊಂಡು ಆಮೇಲೆ ಮಾತಾಡುವವರು
ನಮ್ಮನೇಲಿ ಯಾರೂ ಇಲ್ಲ.’

ತಪ್ಪು ಹಾಕಲು ಎತ್ತಿದ ಕೆಂಪು ಪೆನ್ನು
ಮೇಜಿನ ಮೇಲಿಟ್ಟೆ.
ಮತ್ತೆ ಮೊದಲಿಂದ ಓದಿದೆ,
ಕೊನೆಯವರೆಗೂ.