ಕಡ ತಂದ ಮೂಗು

ನಲವತ್ತೊಂದು ವರ್ಷ ಫೋರ್ಟಿನ ಹೊಟೇಲಿನಲ್ಲಿ
ಹಿಟ್ಟು ರುಬ್ಬಿದವನು ನಾನು.
ಮುಚ್ಚಳ ತೆಗೆಯದೆ ಹೇಳುತ್ತಿದ್ದೆ:
ಇದಿನ್ನೂ ಎಳಸು, ಇದು ಹದ,
ಇದನ್ನು ಊತಪ್ಪಕ್ಕೆ ಕಳಿಸಿ, ಇದನ್ನು ಮೋರಿಗೆ.
ಗಡಿಯಾರ ಬೇಡ, ಬೆರಳೂ ಬೇಡ,
ಮೂಗೊಂದು ಸಾಕಿತ್ತು.

ಆ ಜ್ವರದ ವರ್ಷ ಅದು ಹೋಯಿತು.
ಜ್ವರ ಬಿಟ್ಟಿತು, ಮೂಗು ಮರಳಲಿಲ್ಲ.
ಊದುಬತ್ತಿ, ಸೀಮೆಎಣ್ಣೆ, ಒಣ ಬಂಗಡೆ
ಎಲ್ಲಕ್ಕೂ ಈಗ ಒಂದೇ ವಾಸನೆ,
ಏನೂ ಇಲ್ಲದ್ದು.

ವಿಕ್ರೋಲಿಯ ಮೂರನೆ ಮಾಳಿಗೆ, ಗ್ಯಾಲರಿಯ ಮೂಲೆ,
ಪೇಂಟಿನ ಹಳೆಯ ಡಬ್ಬಿ, ಇಪ್ಪತ್ತು ಲೀಟರಿನದು.
ಒಳಗೆ ಕುಂಡದ ನುಗ್ಗೆಸೊಪ್ಪು, ಬಲಿತ ಬಸಳೆ ದಂಟು,
ಕಾಂಪೌಂಡಿನಲ್ಲಿ ಯಾರೂ ನೆಡದೆ ಬೆಳೆದ ಕಳೆ,
ಬಾಳೆಸಿಪ್ಪೆ, ಈರುಳ್ಳಿ ಸಿಪ್ಪೆ, ಅಕ್ಕಿ ತೊಳೆದ ನೀರು,
ಒಂದು ಹಿಡಿ ಬೆಲ್ಲ.
ಮೇಲೆ ನಾಲ್ಕು ಬೆರಳು ಜಾಗ ಬಿಟ್ಟಿದ್ದೇನೆ.
ಅದು ಹಿಟ್ಟು ಕಲಿಸಿದ ಪಾಠ:
ಉಬ್ಬುವುದಕ್ಕೆ ಎಡೆ ಕೊಡಬೇಕು.

ಪಕ್ಕದ ಬಾಗಿಲು ಪೆಡ್ಣೇಕರ್ ಬಾಯಿಯದು.
ಆಕೆಯ ಬಾಯಿಯೇ ನನ್ನ ಮೂಗು.
ಮೂರನೆಯ ದಿನ, “ಏನು ಶೆಟ್ಟಿ, ಇವತ್ತು ದೋಸೆಯೋ?”
ನಾನು ಶೆಟ್ಟಿಯಲ್ಲ, ಕುಲಾಲ.
ಹೊಟೇಲಿನವರೆಲ್ಲ ಈ ಊರಿಗೆ ಶೆಟ್ಟರೇ.
ಆರನೆಯ ದಿನ ಕಿಟಕಿ ದಢಾರನೆ ಮುಚ್ಚುತ್ತದೆ.
ಒಂಬತ್ತಕ್ಕೆ ಸೆರಗು ಮೂಗಿಗೆ,
ಮರಾಠಿ ಮಾಲ್ವಣಿಗೆ ಇಳಿಯುತ್ತದೆ,
ನನ್ನ ಅಪ್ಪ, ನನ್ನ ಊರು, ಊರಿನ ಕೊಟ್ಟಿಗೆ
ಎಲ್ಲವೂ ಗ್ಯಾಲರಿಗೆ ಬಂದು ಸಾಲಾಗಿ ನಿಲ್ಲುತ್ತವೆ.
ನಾನು ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತೇನೆ:
ಚೆನ್ನಾಗಿ ಕೊಳೆಯುತ್ತಿದೆ.
ಹದಿನೈದಕ್ಕೋ ಹದಿನಾರಕ್ಕೋ ಒಂದು ಬೆಳಿಗ್ಗೆ
ಬಟ್ಟೆ ಒಣಹಾಕಿ, ಏನೂ ಅನ್ನದೆ ಒಳಗೆ ಹೋಗುತ್ತಾಳೆ.
ಅಂದು ಸೋಸುತ್ತೇನೆ.

ಹಳೆ ಪಂಚೆಯ ತುಂಡು, ಕಡು ಚಹಾದ ಬಣ್ಣ,
ಒಂದು ಲೋಟಕ್ಕೆ ಹತ್ತು ಲೋಟ ನೀರು.
ಒಮ್ಮೆ ಅವಸರದಲ್ಲಿ ಐದೇ ಹಾಕಿ
ಆಕೆಯ ಅಬ್ಬಲಿಗೆಯ ಎಲೆಯಂಚು ಸುಟ್ಟೆ.
ಅವರಲ್ಲಿ ಅದಕ್ಕೆ ಅಬೋಲಿ ಅನ್ನುತ್ತಾರೆ, ಮಾತಿಲ್ಲದ್ದು.
ಆಕೆಯೂ ಅಂದು ಮಾತಾಡಲಿಲ್ಲ.
ಕತ್ತರಿ ತಂದು ಕಂದು ತುದಿಗಳನ್ನು
ಒಂದೊಂದಾಗಿ ಕತ್ತರಿಸುತ್ತ ಕುಳಿತಳು.
ಬೈದಿದ್ದರೆ ವಾಸಿಯಿತ್ತು.

ಈ ಸಲ ಡಬ್ಬಿ ತುಂಬಿದ ನಾಲ್ಕನೆಯ ದಿನ
ಆ ಬಾಗಿಲಿಗೆ ಬೀಗ.
ಸೊಂಟದ ಮೂಳೆ. ಸಾಯನ್ ಆಸ್ಪತ್ರೆ.
ಆಮೇಲೆ ಪನವೇಲಿನಲ್ಲಿ ಮಗಳ ಮನೆ.

ಡಬ್ಬಿಯ ಮುಂದೆ ಕುಳಿತಿದ್ದೇನೆ.
ಗುಳ್ಳೆ ಕಾಣುತ್ತದೆ, ನೊರೆಯ ಬಿಳಿ ಕಾಣುತ್ತದೆ,
ಕಿವಿಗೊಟ್ಟರೆ ಸಣ್ಣಗೆ ಚಿಟಿಚಿಟಿ,
ರಾತ್ರಿ ಮೂರರ ಹಿಟ್ಟಿನ ಕೋಣೆಯದೇ ಸದ್ದು.
ದಿನ ಎಣಿಸಬಹುದು. ಆದರೆ ಅಕ್ಟೋಬರದ ಸೆಕೆಗೂ
ಶ್ರಾವಣದ ಥಂಡಿಗೂ ಒಂದೇ ಲೆಕ್ಕವೇ?

ಹಾಲಿನ ಹುಡುಗನನ್ನು ಕೇಳಿದೆ.
“ಕಾಯ್ ನಾಯ್, ಅಂಕಲ್” ಅಂದ, ಕಿವಿಯಲ್ಲಿ ಹಾಡು.
ಗ್ಯಾಸಿನವನು ಉಸಿರು ಬಿಗಿಹಿಡಿದು ಸಹಿ ಪಡೆದು ಹೋದ,
ಮರ್ಯಾದಸ್ಥ.
ಮರ್ಯಾದಸ್ಥರ ಮೂಗು ಕೆಲಸಕ್ಕೆ ಬರುವುದಿಲ್ಲ.

ನಿನ್ನೆ ಪನವೇಲಿಗೆ ಫೋನು ಮಾಡಿದೆ.
ನಡೆಯುತ್ತಾಳಂತೆ, ವಾಕರು ಹಿಡಿದು, ಬಚ್ಚಲಿನವರೆಗೆ.
ಅಬೋಲಿಗೆ ನೀರು ಹಾಕುತ್ತಿದ್ದೀಯಾ ಅಂದಳು.
ಹೂಂ ಅಂದೆ.
ಸ್ವಲ್ಪ ಹೊತ್ತು ತಂತಿಯಲ್ಲಿ ಯಾರೂ ಇರಲಿಲ್ಲ.
ಆಮೇಲೆ, “ಇಲ್ಲಿ ಯಾವ ವಾಸನೆಯೂ ಇಲ್ಲ ಶೆಟ್ಟಿ,
ಬರೀ ಫಿನೈಲು.”

ಮುಚ್ಚಳ ಮುಚ್ಚಿದ್ದೇನೆ, ಸಡಿಲವಾಗಿ.
ಬೇಕಾದರೆ ಇನ್ನೊಂದು ತಿಂಗಳು ಕೊಳೆಯಲಿ.
ಹದ ಮೀರಿದರೆ
ನೀರು ಹೆಚ್ಚು ಸೇರಿಸಿದರಾಯಿತು.