ನಾಲ್ಕೂವರೆ ಮೊಳ

ರಾತ್ರಿ ಮಲಗುವಾಗ ಫ್ಯಾಕ್ಟರಿ ಒಬ್ಬಂದಿತ್ತು,
ಮುಂಜಾನಿ ಹೂಟರ್ ಹೊಡದಾಗ ಇನ್ನೊಬ್ಬಂದಾಗಿತ್ತು.
ಹೂಟರಿನ ದನಿ ಬದಲಾಗಿರಲಿಲ್ಲ.
ತೊಗರಿ ಎಲಿ ಮ್ಯಾಗ ಕುಂತಿದ್ದ ಸಿಮೆಂಟಿನ ಧೂಳು
ಹೊಸ ಮಾಲಕನ ಹೆಸರು ಕೇಳಿ ಎದ್ದು ನಿಲ್ಲಲಿಲ್ಲ.

ನನಗ ತಿಳಿದದ್ದು ಹೈದರಾಬಾದಿನ ಏಜೆನ್ಸಿ ಫೋನಿನಿಂದ:
"ದಸ್ತಗೀರ ಪೇಂಟರ್, ಸೇಡಂ ತಾಲೂಕಿನಾಗ
ಇನ್ನೂರಾ ಹನ್ನೆರಡು ಗ್ವಾಡಿ. ಹುಲಿ ಅಳಿಸು.
ಹೊಸಬರಿಗೆ ಪ್ರಾಣಿ ಬ್ಯಾಡಂತ,
ತಮ್ಮ ಹೆಸರಿನ ಎರಡಕ್ಷರ ಸಾಕಂತ.
ಚದರಡಿಗೆ ನಾಕು ರೂಪಾಯಿ.
ನಡುವಿನ ಚುಕ್ಕಿ ಮಾತ್ರ ದುಂಡಗಿರಬೇಕು."

ಹುಲಿ ಬರದವನೂ ನಾನೇ.
ಅದರ ಮೊದಲಿನ ಆನಿ ಬರದವ ನಮ್ಮಪ್ಪ.

ಮಳಖೇಡ ದಾಟಿ, ಕಾಗಿಣಾ ಹೊಳಿ ಎಡಕ್ಕ ಬಿಟ್ಟು
ನಿಂಬೆವ್ವನ ಗ್ವಾಡಿಗೆ ನಿಚ್ಚಣಿಕಿ ಹಚ್ಚಿದ್ವಿ.
ಭೀಮಶಾ, ನನ್ನ ಕೈ ಕೆಳಗಿನ ಹುಡುಗ,
ಮೊಬೈಲ್ ಮುಂದ ಹಿಡಿದ:
"ಉಸ್ತಾದ, ಹನ್ನೊಂದು ಸಾವಿರ ಕೋಟಿಗೆ ಕೊಂಡಾರಂತ.
ಅಂದ್ರ ಎಷ್ಟು?"

ಎಷ್ಟು ಅಂದ್ರ?
ನಾ ಹಿಸಾಬಿನ ಮನಷ್ಯಾ ಅಲ್ಲ, ಅಕ್ಷರದ ಮನಷ್ಯಾ.
ಬ್ರಷ್ ಅದ್ದಿ ಹುಲಿ ಮೈಮ್ಯಾಗೇ ಬರದೆ,
ಅಂಕಿಗೊಂದು ಗೇಣು.
ಎರಡು ಒಂದು. ಹತ್ತು ಸೊನ್ನಿ.

ಸೊನ್ನಿ ಬರಿಯೋದು ಸುಲಭ ಅಂತೀರಿ. ಅಲ್ಲರೀ.
ಪೇಂಟರಿನ ಕಸಬು ಸೊನ್ನ್ಯಾಗ ತಿಳಿತದ.
ಉಸಿರು ಹಿಡಿದು ಹೊಂಟ ಜಾಗಕ್ಕೇ ವಾಪಸ್ ಬರಬೇಕು,
ಕೂಡಿದ್ದೆಲ್ಲಿ ಅಂತ ಕಾಣಬಾರದು.
ಎಂಟನೇದಕ್ಕ ಕೈ ನಡುಗಿತು,
ಹತ್ತನೇದು ತತ್ತಿಯಂಗ ಆತು.

ಅದರ ಬುಡಕ ನನ್ನ ದಿನದ ಕೂಲಿ:
ಒಂದು ಆರು, ಎರಡು ಸೊನ್ನಿ. ಮೂರು ಗೇಣು.
ನನಗೂ ಅವರಿಗೂ ನಡುವ ಒಂಬತ್ತು ಗೇಣು,
ನಾಲ್ಕೂವರೆ ಮೊಳ.
ಇಷ್ಟೇನಾ ಅಂತ ನಗು ಬಂತು.
ನಿಂಬೆವ್ವನ ಸೀರಿ ಒಣಗೋ ಹಗ್ಗ
ಇದಕ್ಕಿಂತ ಉದ್ದದ.

ಭೀಮಶಾ ಬಟನ್ ಒತ್ತಿದ, ಒತ್ತಿದ, ನಿಂತ.
"ಉಸ್ತಾದ, ಐದು ಲಕ್ಷ ವರ್ಷ."
"ಏನೋ?"
"ದಿನಾ ಆರ್ನೂರು. ಸೂಟಿ ಇಲ್ಲ, ರೊಟ್ಟಿ ಇಲ್ಲ,
ಚಾ ಇಲ್ಲ, ನಿಮ್ಮ ಈದ್ ಇಲ್ಲ, ನಮ್ಮ ಕಾರಹುಣ್ಣಿಮಿ ಇಲ್ಲ.
ಎಲ್ಲಾ ಕೂಡಿಟ್ರ ಐದು ಲಕ್ಷ ವರ್ಷ."

ದೂರ ಮಳಖೇಡದ ಕ್ವಾಟಿ ಕಾಣ್ತಿತ್ತು.
ಅಲ್ಲಿ ರಾಜರು ಆಳಿ ಹೋಗಿ ಸಾವಿರ ವರ್ಷ ಅಂತಾರ.
ಅವರ ಕಾಲಕ್ಕೇ ಬ್ರಷ್ ಹಿಡಿದು ನಿಂತಿದ್ರೂ
ನನ್ನ ಮೊದಲನೇ ಪ್ರೈಮರ್ ಇನ್ನಾ ಹಸಿ ಇರ್ತಿತ್ತು.

ಹೊಸ್ತಿಲ ಮ್ಯಾಗ ಪುಂಡಿ ಪಲ್ಯ ಬಿಡಿಸಿಕೋತ
ನಿಂಬೆವ್ವ ಕೇಳಿದಳು:
"ಅವಗ ಒಟ್ಟು ಎಷ್ಟು ಗ್ವಾಡಿ ಅವಪಾ?"
"ಈ ತಾಲೂಕಿನಾಗೇ ಇನ್ನೂರಾ ಹನ್ನೆರಡು."
"ಒಂದರ ಒಳಗೂ ಮಕ್ಕೊಂಡಿಲ್ಲೇನು?"

ಕೆರಿಲಿಕ್ಕ ಹತ್ತಿದೆ.
ಹುಲಿ ಉದುರಿತು, ಅಂಕಿ ಸಮೇತ.
ಹುಲಿ ಹೊಟ್ಟ್ಯಾಗ ಆನಿ ಇತ್ತು.
ಆನಿ ಕಿವಿ ಹಿಂದ, ಸುಣ್ಣದ ಪದರಿನಾಗ,
ಒಂದು ಹಸರ ಗಿಳಿ. ಅದರ ಎದುರಿಗೆ ಇನ್ನೊಂದು.
ಶುಭವಿವಾಹ. ಎರಡು ಹೆಸರು. ಅರ್ಧ ಅಳಿಸಿದ ತಾರೀಖು.
ಅಪ್ಪನ ಕೈ, ದೂರಿಂದಲೇ ಗುರುತು ಸಿಕ್ತು.

ನಿಂಬೆವ್ವ ಪಲ್ಯ ಬಿಟ್ಟು ಎದ್ದು ಬಂದಳು.
"ಅವರ ಹೆಸರು ಬಾಯಿಂದ ಓದಬ್ಯಾಡ.
ನಂದು ಯಾವುದು ಹೇಳು."
ಬ್ರಷಿನ ಹಿಂಬದಿಯಿಂದ ತೋರಿಸಿದೆ. ಮೂರಕ್ಷರ.
"ಇಷ್ಟೇನಾ ನಾನು?"
"ಹೌದು ಯವ್ವಾ. ಇಕಾ, ಇದು ನಿ.
ಮಗ್ಗಲಿಗೆ ಇದು ಸೊನ್ನಿ."

ಬಗ್ಗಿ ನೋಡಿದೆ, ಕಣ್ಣಿಟ್ಟು ನೋಡಿದೆ,
ಉಗುರಿನಷ್ಟು ಸೊನ್ನಿ,
ಅಪ್ಪ ಎಲ್ಲಿ ಶುರು ಮಾಡಿ ಎಲ್ಲಿ ಕೂಡಿಸ್ಯಾನೋ
ತಿಳಿಯಲೇ ಇಲ್ಲ.

ಎರಡಕ್ಷರ ಬಲಕ್ಕ ಸರಿಸಿ ಬರದೆ.
ಆರು ಚದರಡಿ ಕಡಿಮಿ ಬಿತ್ತು, ಇಪ್ಪತ್ನಾಕು ರೂಪಾಯಿ.
"ಈ ಕಡಿ ಬಂದು ನಿಲ್ಲು," ಭೀಮಶಾಗ ಹೇಳಿದೆ,
"ಫೋಟೋದಾಗ ಗಿಳಿ ಬೀಳಬಾರದು."

ಸಂಜಿಗೆ ಏಜೆನ್ಸಿಯಿಂದ ಉತ್ತರ ಬಂತು:
ಗ್ವಾಡಿ ಪಾಸ್.
ಚುಕ್ಕಿ ಇನ್ನಾ ದುಂಡಗಾಗಬೇಕು.